ಜಾಲಿ, ಸೀಗೆ, ಅಕೇಶಿಯಾ: ಒಂದು ಕುಲ ಪಾಲಾದ ಬಗೆ

ಎರೆಭೂಮಿಯ ಕರಿಜಾಲಿ, ತಲೆಗೆ ಹಾಕುವ ಸೀಗೆ, ಮಲೆನಾಡಿನ ರಸ್ತೆಬದಿಯ ಅಕೇಶಿಯಾ. ನೋಡುವವರ ಕಣ್ಣಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಈ ಮೂರನ್ನೂ ಸಸ್ಯಶಾಸ್ತ್ರದ ಪುಸ್ತಕಗಳು ಬಹಳ ಕಾಲ ಅಕೇಶಿಯಾ ಎಂಬ ಒಂದೇ ಕುಲದಲ್ಲಿ ಇಟ್ಟುಕೊಂಡಿದ್ದವು. ಈಗ ಹಾಗಿಲ್ಲ. ಕರಿಜಾಲಿ ವಾಚೆಲಿಯಾ ಆಗಿದೆ, ಸೀಗೆ ಸೆನೆಗಾಲಿಯಾ ಆಗಿದೆ, ಅಕೇಶಿಯಾ ಎಂಬ ಹೆಸರು ಹೆಚ್ಚುಕಡಿಮೆ ಪೂರ್ತಿಯಾಗಿ ಆಸ್ಟ್ರೇಲಿಯಾದ ಪಾಲಾಗಿದೆ. ಸಸ್ಯಗಳ ಹೆಸರಿನ ಮೇಲೆ ಇಷ್ಟು ದೊಡ್ಡ ಜಗಳ ಇತ್ತೀಚೆಗೆ ಇನ್ನೊಂದು ನಡೆದಿಲ್ಲ. ಈ ಜಗಳದಲ್ಲಿ ಬೇರೆಬೇರೆ ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗಿವೆ. ಕುಲವನ್ನು ಒಡೆದದ್ದು ಸರಿಯೇ ಎಂಬುದು ಒಂದು. ಒಡೆದ ಮೇಲೆ ಹಳೆಯ ಹೆಸರು ಯಾರಿಗೆ ಎಂಬುದು ಇನ್ನೊಂದು. ಇವೆರಡರ ಗದ್ದಲದಲ್ಲಿ ಹಿಂದೆ ಉಳಿದದ್ದು, ನಮಗೆ ಹೆಚ್ಚು ಬೇಕಾದದ್ದು, ಯಾವ ಗಿಡದ ತವರು ಯಾವುದು ಎಂಬ ಪ್ರಶ್ನೆ.

ಹೆಸರಿನ ಮೂಲ ಈಜಿಪ್ಟಿನ ಕಡೆಯದು. ಒಂದನೇ ಶತಮಾನದ ಗ್ರೀಕ್ ವೈದ್ಯ ಡಯೊಸ್ಕೊರಿಡಿಸ್ ಅಲ್ಲಿನ ಒಂದು ಮುಳ್ಳುಮರವನ್ನೂ ಅದರಿಂದ ತೆಗೆಯುವ ಔಷಧದ ರಸವನ್ನೂ 'ಅಕಾಕಿಯಾ' ಎಂದು ಕರೆದಿದ್ದ. ಆ ಮರ ನಮ್ಮ ಕರಿಜಾಲಿಯೇ. 1753ರಲ್ಲಿ ಲಿನೇಯಸ್ ಇದನ್ನು ಮಿಮೋಸಾ ಕುಲಕ್ಕೆ, ಎಂದರೆ ಮುಟ್ಟಿದರೆ ಮುನಿಯ ಜೊತೆಗೆ ಸೇರಿಸಿದ. ಮರುವರ್ಷವೇ ಲಂಡನ್ನಿನ ಚೆಲ್ಸಿ ಔಷಧಿತೋಟದ ಮೇಲ್ವಿಚಾರಕ ಫಿಲಿಪ್ ಮಿಲ್ಲರ್ ತನ್ನ ತೋಟಗಾರಿಕೆಯ ನಿಘಂಟಿನಲ್ಲಿ ಇದನ್ನು ಹೊರತೆಗೆದು ಅಕೇಶಿಯಾ ಎಂಬ ಕುಲ ಮಾಡಿದ. ಆಸ್ಟ್ರೇಲಿಯಾದ ಗಿಡಗಳು ಆಗಿನ್ನೂ ಯುರೋಪಿನ ಸಸ್ಯಶಾಸ್ತ್ರಜ್ಞರಿಗೆ ಹೆಚ್ಚುಕಡಿಮೆ ಅಪರಿಚಿತ. ಮುಂದೆ ಸಸ್ಯನಾಮಗಳಿಗೆ ನಿಯಮಾವಳಿ ಬಂದು, ಪ್ರತಿ ಕುಲಕ್ಕೂ ಒಂದು ಮಾದರಿ ಪ್ರಭೇದ ಇರಬೇಕು ಎಂದಾದಾಗ ಅಕೇಶಿಯಾಕ್ಕೆ ಮಾದರಿಯಾಗಿ ನಿಂತದ್ದು ಕರಿಜಾಲಿ. ಕುಲ ಒಡೆದರೆ ಹೆಸರು ಮಾದರಿ ಇರುವ ಪಾಲಿಗೆ ಹೋಗಬೇಕು. ಇದು ನಿಯಮ. ಜಗಳದ ಬೇರು ಇಲ್ಲಿದೆ.

ಇಷ್ಟು ಗಿಡಗಳು ಒಂದೇ ಕಡೆ ಗುಡ್ಡೆಬಿದ್ದದ್ದು ಹೇಗೆ? ಅದಕ್ಕೆ ಕಾರಣ ಸಸ್ಯಶಾಸ್ತ್ರಜ್ಞ ಜಾರ್ಜ್ ಬೆಂಥಮ್. 1842ರಲ್ಲಿ ಆತ ಹಾಕಿಕೊಟ್ಟ ಗೆರೆ ಸರಳ: ಹೂವಿನಲ್ಲಿ ಕೇಸರಗಳು ಲೆಕ್ಕವಿಲ್ಲದಷ್ಟಿದ್ದು, ಬುಡದಲ್ಲಿ ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿದ್ದರೆ ಅಕೇಶಿಯಾ, ಕೂಡಿ ಕೊಳವೆಯಾಗಿದ್ದರೆ ಬಾಗೆ ಮರದ ಗುಂಪು. ಒಂದೇ ಲಕ್ಷಣದ ಮೇಲೆ ನಿಂತ ಈ ಗೆರೆ ನೂರು ವರ್ಷಕ್ಕೂ ಮೀರಿ ಉಳಿಯಿತು. 1875ರಲ್ಲಿ ಬೆಂಥಮ್ ತಾನೇ ಕುಲವನ್ನು ಆರು ಸರಣಿಗಳಾಗಿ ವಿಂಗಡಿಸಿದ. ಒಳಗಿನ ಬಿರುಕುಗಳು ಅವನಿಗೂ ಕಂಡಿದ್ದವು ಎನ್ನುವುದಕ್ಕೆ ಆ ಸರಣಿಗಳೇ ಸಾಕ್ಷಿ. ಇಂದಿನ ಹೊಸ ಕುಲಗಳಲ್ಲಿ ಹಲವು ಆ ಸರಣಿಗಳ ಗಡಿಯನ್ನೇ ಬಹುಮಟ್ಟಿಗೆ ಹಿಡಿದಿವೆ. 20ನೇ ಶತಮಾನ ಮುಗಿಯುವ ಹೊತ್ತಿಗೆ ಅಕೇಶಿಯಾ 1300ಕ್ಕೂ ಹೆಚ್ಚು ಪ್ರಭೇದಗಳ ಕುಲವಾಗಿ ಬೆಳೆದಿತ್ತು. ಯುರೋಪ್ ಬಿಟ್ಟು ಬಿಸಿಲುನಾಡುಗಳೆಲ್ಲ ಅದರ ತವರು.

ಪುಸ್ತಕ ಬಿಟ್ಟು ಗಿಡದ ಹತ್ತಿರ ಹೋದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ, ಭೂತಗನ್ನಡಿಯೂ ಬೇಡ. ಕರಿಜಾಲಿಯ ಒಂದು ಎಳೆಯ ರೆಂಬೆ ನೋಡಿ. ಎಲೆ ಹೊರಡುವ ಕಡೆ ಎರಡೂ ಬದಿಗೆ ಒಂದೊಂದು ನೆಟ್ಟನೆಯ ಬಿಳಿ ಮುಳ್ಳು, ಯಾವಾಗಲೂ ಜೋಡಿ. ಇವು ಎಲೆಬುಡದ ಪತ್ರಕಗಳೇ ಗಟ್ಟಿಯಾಗಿ ಮುಳ್ಳಾದವು. ಹೂ ಹಳದಿ ಉಂಡೆ. ಆ ಉಂಡೆಯ ತೊಟ್ಟನ್ನು ಬೆರಳಲ್ಲಿ ಹಿಡಿದರೆ ಅರ್ಧದ ಹತ್ತಿರ ಸಣ್ಣ ಎಸಳುಗಳ ಒಂದು ಬಳೆ ಸಿಗುತ್ತದೆ. ಕಾಯಿ ಬೀಜ ಬೀಜಕ್ಕೂ ಸೊಂಟ ಸಣ್ಣಗಾಗಿ ಮಣಿಸರದಂತೆ ಇರುತ್ತದೆ. ಇನ್ನು ಸೀಗೆಯ ಬಳ್ಳಿ. ಅದರ ಮುಳ್ಳಿಗೆ ಜೋಡಿಯ ಹಂಗಿಲ್ಲ, ಕಾಂಡದ ಮೇಲೂ ಎಲೆಯ ನಡುದಿಂಡಿನ ಮೇಲೂ ಮನಸ್ಸಿಗೆ ಬಂದಲ್ಲಿ ಎದ್ದಿರುತ್ತದೆ; ತುದಿ ಹಿಂದಕ್ಕೆ ಬಾಗಿರುವುದರಿಂದ ಒಳಗೆ ನುಗ್ಗಿದ ಪಂಚೆ ಹೊರಗೆ ಬರುವುದಿಲ್ಲ. ಈ ಮುಳ್ಳು ತೊಗಟೆಯಿಂದ ಹುಟ್ಟಿದ್ದು, ಪತ್ರಕದಿಂದಲ್ಲ. ವೀಳ್ಯದ ಕಾಚು ಕೊಡುವ ಕಗ್ಗಲಿಯೂ ಇದೇ ಗುಂಪಿನದು. ಅದರ ಮುಳ್ಳು ಜೋಡಿಯಾಗಿದ್ದರೂ ಕೊಕ್ಕೆಯೇ. ಅದರ ಹೂವು ಉಂಡೆಯಲ್ಲ, ಉದ್ದನೆಯ ತೆನೆ.

ಮಲೆನಾಡಿನ ಅಕೇಶಿಯಾಕ್ಕೆ ಮುಳ್ಳೇ ಇಲ್ಲ. ಕುಡುಗೋಲಿನಂತೆ ಬಾಗಿದ ಅದರ ಎಲೆಯನ್ನು ಎಲೆ ಎನ್ನುವುದೂ ತಪ್ಪು, ಅದು ಚಪ್ಪಟೆಯಾದ ತೊಟ್ಟು. ಇದನ್ನು ನಂಬದವರು ಮರದ ಬುಡದಲ್ಲಿ ಆಗತಾನೇ ಹುಟ್ಟಿದ ಸಸಿ ಹುಡುಕಬೇಕು. ಮೊದಲ ಎಲೆಗಳು ಜಾಲಿಯದರಂತೆ ಸಣ್ಣ ಸಣ್ಣ ಎಸಳಿನವು. ಆಮೇಲಿನ ಎಲೆಯಲ್ಲಿ ತೊಟ್ಟು ಸ್ವಲ್ಪ ಅಗಲವಾಗಿ ತುದಿಗೆ ನಾಲ್ಕು ಎಸಳು ಉಳಿದಿರುತ್ತವೆ. ಅದರ ನಂತರ ಎಸಳು ಮಾಯ, ತೊಟ್ಟು ಮಾತ್ರ. ಒಂದು ಗೇಣು ಸಸಿಯಲ್ಲಿ ಈ ಮೂರೂ ಹಂತ ಒಟ್ಟಿಗೆ ಸಿಗುತ್ತವೆ. ಶಾಲೆಯಲ್ಲಿ ಸಸ್ಯಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಬಿಟ್ಟಿಯಾಗಿ ಸಿಗುವುದಿಲ್ಲ.

ಕ್ವೀನ್ಸ್‌ಲ್ಯಾಂಡಿನ ಸಸ್ಯಶಾಸ್ತ್ರಜ್ಞ ಲೆಸ್ಲಿ ಪೆಡ್ಲಿ 1986ರಲ್ಲಿ, ಇಂಥ ಲಕ್ಷಣಗಳನ್ನೇ ಆಧಾರ ಮಾಡಿಕೊಂಡು, ಕುಲವನ್ನು ಮೂರು ಮಾಡಬೇಕು ಎಂದರು: ಜಾಲಿಗಳಿಗೆ ಅಕೇಶಿಯಾ, ಸೀಗೆಯ ಗುಂಪಿಗೆ ಸೆನೆಗಾಲಿಯಾ, ಆಸ್ಟ್ರೇಲಿಯಾದವಕ್ಕೆ ರ‍್ಯಾಕೊಸ್ಪರ್ಮ. ನಿಯಮದ ಪ್ರಕಾರ ಸರಿಯಾದ ಹಂಚಿಕೆ. ಆದರೆ ಅವರ ಸ್ವಂತ ದೇಶವಾದ ಆಸ್ಟ್ರೇಲಿಯಾದಲ್ಲೇ ಅದನ್ನು ಹೆಚ್ಚು ಜನ ಒಪ್ಪಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ಡಿಎನ್‌ಎ ಅಧ್ಯಯನಗಳು ಬಂದವು. ಅವು ಪೆಡ್ಲಿ ಹೇಳಿದ್ದಕ್ಕಿಂತಲೂ ಮುಂದೆ ಹೋದವು. ಒಂದು ಕುಲ ಮೂರು ಕವಲಾಗಿದೆ ಎನ್ನುವುದಲ್ಲ ವಿಷಯ. ಆ ಮೂರು ಗುಂಪುಗಳು ಎಂದೂ ಒಂದು ಕುಲ ಆಗಿರಲೇ ಇಲ್ಲ. ಅವುಗಳ ನಡುವೆ ಬೇರೆ ಕುಲಗಳು ಸಾಲುಸಾಲಾಗಿ ಬಂದು ನಿಲ್ಲುತ್ತವೆ. ಆಸ್ಟ್ರೇಲಿಯಾದ ಅಕೇಶಿಯಾಕ್ಕೆ ಜಾಲಿಗಿಂತ ನಮ್ಮ ಬಾಗೆ ಮರವೇ ಹತ್ತಿರದ ನೆಂಟ. ಬೆಂಥಮ್ ನಂಬಿದ್ದ ಬಿಡಿ ಕೇಸರ, ಬೇರೆಬೇರೆ ಕವಲುಗಳಲ್ಲಿ ಹರಡಿಕೊಂಡಿರುವ ಲಕ್ಷಣ, ರಕ್ತಸಂಬಂಧದ ಗುರುತಲ್ಲ. ಹೀಗಿರುವಾಗ ಹಳೆಯ ಕುಲವನ್ನು ಇದ್ದಂತೆ ಉಳಿಸಬೇಕಾದರೆ ಬಾಗೆ, ಮಳೆಮರ ಮೊದಲಾದವನ್ನೆಲ್ಲ ಅಕೇಶಿಯಾ ಎನ್ನಬೇಕಾಗುತ್ತಿತ್ತು. ಒಡೆಯುವುದು ಬಿಟ್ಟು ದಾರಿ ಇರಲಿಲ್ಲ. ಈ ಒಂದು ಅಂಶದಲ್ಲಿ ಇಂದು ತಜ್ಞರ ನಡುವೆ ಭಿನ್ನಾಭಿಪ್ರಾಯ ಇಲ್ಲವೆಂದೇ ಹೇಳಬೇಕು.

ಪಾಲಿನ ಲೆಕ್ಕ ಹೀಗಿದೆ. ಆಸ್ಟ್ರೇಲಿಯಾದ ಗುಂಪಿನಲ್ಲಿ ಸಾವಿರದ ಆಸುಪಾಸು ಪ್ರಭೇದಗಳು. ವಾಚೆಲಿಯಾದಲ್ಲಿ ಸುಮಾರು 160. ಆಫ್ರಿಕಾದಲ್ಲಿ ಅತಿ ಹೆಚ್ಚು, ಆಮೇಲೆ ಅಮೆರಿಕ, ಏಷ್ಯಾ, ಕೆಲವು ಆಸ್ಟ್ರೇಲಿಯಾದ ಉತ್ತರದಲ್ಲಿ. ಆಫ್ರಿಕಾದ ಬಯಲಿನ ಚಿತ್ರಗಳಲ್ಲಿ ಜಿರಾಫೆಯ ಹಿಂದೆ ಕೊಡೆಯಂತೆ ನಿಲ್ಲುವ ಮರ ವಾಚೆಲಿಯಾ. ಸೆನೆಗಾಲಿಯಾದಲ್ಲಿ 200ಕ್ಕಿಂತ ಹೆಚ್ಚು, ಅವುಗಳಲ್ಲಿ ದೊಡ್ಡ ಪಾಲು ಅಮೆರಿಕ ಖಂಡಗಳದು; ಸುಡಾನಿನಿಂದ ಜಗತ್ತಿಗೆಲ್ಲ ಹೋಗುವ ಅರಬ್ಬೀ ಗೋಂದಿನ ಮರ ಇದರಲ್ಲೇ ಸೇರಿದೆ. ಇವಲ್ಲದೆ ಅಕೇಶಿಯೆಲ್ಲಾ, ಮಾರಿಯೊಸೋಸಾ ಎಂಬ ಎರಡು ಸಣ್ಣ ಕುಲಗಳಿವೆ, ಎರಡೂ ಅಮೆರಿಕ ಬಿಟ್ಟು ಹೊರಗಿಲ್ಲ.

ಆಸ್ಟ್ರೇಲಿಯಾದ ಗುಂಪು ಹೆಸರಿಗೆ ತಕ್ಕಂತೆ ಆಸ್ಟ್ರೇಲಿಯಾದಲ್ಲೇ ನಿಂತಿಲ್ಲ ಎನ್ನುವುದು ತವರಿನ ವಿಚಾರದಲ್ಲಿ ಅತ್ಯಂತ ಸೊಗಸಿನ ಭಾಗ. ನ್ಯೂಗಿನಿ, ಫಿಲಿಪ್ಪೀನ್ಸ್, ತೈವಾನ್, ಪೆಸಿಫಿಕ್ ದ್ವೀಪಗಳವರೆಗೆ ಅಲ್ಲೊಂದು ಇಲ್ಲೊಂದು ಪ್ರಭೇದ ಸಹಜವಾಗಿ ಬೆಳೆಯುತ್ತದೆ. ಹವಾಯಿಯಲ್ಲಿ ಕೋವಾ ಎಂಬ ದೊಡ್ಡ ಮರವಿದೆ. ಅಲ್ಲಿನ ಮೂಲನಿವಾಸಿಗಳು ದೋಣಿ ಕೊರೆಯುತ್ತಿದ್ದದ್ದು ಅದರಲ್ಲೇ. ಇತ್ತ ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರಿನ ಪಕ್ಕದ ರೀಯೂನಿಯನ್ ದ್ವೀಪದ ಬೆಟ್ಟಗಳಲ್ಲಿ ಇನ್ನೊಂದು ಮರ, ಅಕೇಶಿಯಾ ಹೆಟೆರೊಫಿಲಾ. ಎರಡೂ ತದ್ರೂಪು. ನಡುವಿನ ದೂರ ಸುಮಾರು 18,000 ಕಿಲೋಮೀಟರ್. ಹಳೆಯ ಖಂಡಗಳು ಒಡೆದಾಗ ದೂರವಾದವೇ ಎಂದು ಕೇಳುವಂತಿಲ್ಲ, ಏಕೆಂದರೆ ಎರಡೂ ಸಮುದ್ರದೊಳಗಿನ ಜ್ವಾಲಾಮುಖಿಯಿಂದ ಎದ್ದ ದ್ವೀಪಗಳು. 2014ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಇದನ್ನು ಬಗೆಹರಿಸಿತು: ರೀಯೂನಿಯನ್ನಿನ ಮರ ಹವಾಯಿಯ ಕೋವಾದ ಸಂತತಿಯೇ, ಸುಮಾರು 14 ಲಕ್ಷ ವರ್ಷಗಳ ಹಿಂದೆ ಒಂದೇ ನೆಗೆತಕ್ಕೆ ಬಂದದ್ದು. ಆಗ ಈ ದ್ವೀಪಗಳಲ್ಲಿ ಮನುಷ್ಯನ ಸುಳಿವಿರಲಿಲ್ಲ. ಕಡಲ ಹಕ್ಕಿ ತಂದಿರಬೇಕು ಎಂಬುದು ಸಂಶೋಧಕರ ಊಹೆ. ಒಂದು ಗಿಡ ಎಲ್ಲಿಯದು ಎಂದು ಕೇಳಿದರೆ ಭೂಪಟದಲ್ಲಿ ಬಣ್ಣ ಬಳಿದು ಉತ್ತರ ಕೊಡಲಾಗದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಹೆಸರಿನ ಜಗಳ. 2003ರಲ್ಲಿ ಆಸ್ಟ್ರೇಲಿಯಾದ ಆಂಥನಿ ಆರ್ಚರ್ಡ್ ಮತ್ತು ಬ್ರೂಸ್ ಮಾಸ್ಲಿನ್ ಒಂದು ಪ್ರಸ್ತಾವ ಮುಂದಿಟ್ಟರು: ಕುಲದ ಮಾದರಿಯನ್ನೇ ಬದಲಿಸಿ, ಕರಿಜಾಲಿಯ ಜಾಗಕ್ಕೆ ಆಸ್ಟ್ರೇಲಿಯಾದ ಅಕೇಶಿಯಾ ಪೆನ್ನಿನರ್ವಿಸ್ ತರಬೇಕು. ವಾದ ಲೆಕ್ಕದ್ದು. ಹೆಸರು ಜಾಲಿಗಳಿಗೆ ಹೋದರೆ ಸಾವಿರದಷ್ಟು ಹೆಸರು ಬದಲಾಗುತ್ತವೆ, ಆಸ್ಟ್ರೇಲಿಯಾಕ್ಕೆ ಬಂದರೆ ನೂರೈವತ್ತು ಚಿಲ್ಲರೆ. ಎದುರು ವಾದವೂ ಹಗುರವಾದದ್ದಲ್ಲ: ಆ ಸಾವಿರ ಬಹುತೇಕ ಒಂದೇ ದೇಶದ ಸಮಸ್ಯೆ, ಈ ನೂರೈವತ್ತು ಆಫ್ರಿಕಾ, ಏಷ್ಯಾ, ಅಮೆರಿಕ ಮೂರೂ ಕಡೆಯ ಹತ್ತಾರು ದೇಶಗಳದು, ಅವುಗಳಲ್ಲಿ ಹಲವಕ್ಕೆ ಪುಸ್ತಕ ಮರುಮುದ್ರಿಸುವ ಶಕ್ತಿಯೂ ಇಲ್ಲ. 2005ರ ಜುಲೈಯಲ್ಲಿ ವಿಯೆನ್ನಾದ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ವಿಷಯ ಮತಕ್ಕೆ ಬಿತ್ತು. ತಜ್ಞರ ಸಮಿತಿ ಪ್ರಸ್ತಾವಕ್ಕೆ ಹೂಂ ಎಂದಾಗಿತ್ತು. ಸಭೆಯಲ್ಲಿ ಸುಮಾರು ಶೇ. 55 ಮತ ವಿರುದ್ಧ ಬಿತ್ತು. ಆದರೂ ಪ್ರಸ್ತಾವ ಗೆದ್ದಿತು, ಏಕೆಂದರೆ ಸಮಿತಿಯ ಶಿಫಾರಸನ್ನು ತಳ್ಳಿಹಾಕಲು ಶೇ. 60 ಬೇಕು ಎಂದು ಕಲಾಪ ನಡೆಸಿದವರು ತೀರ್ಮಾನಿಸಿದ್ದರು. ಬಹುಮತ ಬೇಡವೆಂದದ್ದು ಕಾನೂನಾಯಿತು. ಆರು ವರ್ಷ ತಕರಾರು ನಡೆಯಿತು, ರಾಜಿ ಸೂತ್ರಗಳು ಬಂದು ಬಿದ್ದುಹೋದವು. 2011ರಲ್ಲಿ ಮೆಲ್ಬರ್ನಿನ ಸಮ್ಮೇಳನ ವಿಯೆನ್ನಾದ ತೀರ್ಮಾನವನ್ನು ಸ್ಪಷ್ಟ ಬಹುಮತದಿಂದ ಎತ್ತಿಹಿಡಿಯಿತು. ಸಭೆ ನಡೆದ ಊರು ಯಾವುದೆಂದು ನೋಡಿ ಮುಗುಳ್ನಕ್ಕವರು ಆಫ್ರಿಕಾದಲ್ಲಿ ಬಹಳ ಮಂದಿ ಇರಬೇಕು.

ನನ್ನ ಮಟ್ಟಿಗೆ ವಿಯೆನ್ನಾದಲ್ಲಿ ನಡೆದ ಕ್ರಮ ಸರಿಯಲ್ಲ, ಬಂದ ಫಲಿತಾಂಶದೊಂದಿಗೆ ಬಾಳಬಹುದು. ಜಗಳದ ಭರದಲ್ಲಿ ಮರೆತ ಒಂದು ಸಂಗತಿಯಿದೆ: ಮತ ಯಾವ ಕಡೆ ಬಿದ್ದಿದ್ದರೂ ಸೀಗೆ, ಕಗ್ಗಲಿ, ಅರಬ್ಬೀ ಗೋಂದಿನ ಮರ ಇವು ಅಕೇಶಿಯಾ ಆಗಿ ಉಳಿಯುತ್ತಿರಲಿಲ್ಲ. ಸೆನೆಗಾಲಿಯಾ ಎರಡೂ ಲೆಕ್ಕದಲ್ಲಿ ಹೊರಗೇ. ನಮ್ಮ ಪಾಲಿಗೆ ನಿಜವಾಗಿ ಪಣಕ್ಕಿದ್ದದ್ದು ಕರಿಜಾಲಿ, ಬಿಳಿಜಾಲಿ ಮತ್ತು ಅವುಗಳ ಕೆಲವೇ ಒಡಹುಟ್ಟುಗಳು. ಅವಕ್ಕೆ ಸಿಕ್ಕ ಹೊಸ ಹೆಸರೂ ನಮಗೆ ಪರಕೀಯವಲ್ಲ. ವಾಚೆಲಿಯಾ ಎಂಬ ಕುಲವನ್ನು ಮೊದಲು ಮುದ್ರಿಸಿದ್ದು 1834ರಲ್ಲಿ, ದಕ್ಷಿಣ ಭಾರತದ ಸಸ್ಯಗಳ ಮೇಲೆ ರಾಬರ್ಟ್ ವೈಟ್ ಮತ್ತು ವಾಕರ್ ಆರ್ನಾಟ್ ಬರೆದ ಗ್ರಂಥದಲ್ಲಿ. ವೈಟ್ ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ಕುಲದ ಹೆಸರಿಗೆ ಮೂಲವಾದ ವಾಚೆಲ್ ಎಂಬಾತ ಮಕಾವಿನಲ್ಲಿ ಅದೇ ಕಂಪನಿಯ ಪಾದ್ರಿಯಾಗಿದ್ದು, ಚೀನಾದ ಗಿಡಗಳನ್ನು ಸಂಗ್ರಹಿಸಿದವನು.

ಆ ಕುಲವನ್ನು ಅವರು ಕಟ್ಟಿದ್ದು ಕಸ್ತೂರಿ ಜಾಲಿಯ ಮೇಲೆ. ತವರಿನ ತೊಡಕು ಇಲ್ಲಿ ಮತ್ತೆ ಎದುರಾಗುತ್ತದೆ. ಘಮಘಮಿಸುವ ಹಳದಿ ಹೂವಿನ ಈ ಪೊದೆ ನಮ್ಮ ಹೊಲದ ಬೇಲಿಗಳಲ್ಲಿ ಎಷ್ಟೋ ಕಾಲದಿಂದ ಇದೆ. ಆದರೆ ಇದರ ಮೂಲ ಅಮೆರಿಕ. 17ನೇ ಶತಮಾನದ ಆರಂಭದಲ್ಲಿ ಕೆರಿಬಿಯನ್ನಿನಿಂದ ಬಂದ ಬೀಜ ರೋಮಿನ ಫಾರ್ನೀಸ್ ಮನೆತನದ ತೋಟದಲ್ಲಿ ಮೊಳೆತು, ಅಲ್ಲಿಂದ ಇದಕ್ಕೆ ಫಾರ್ನೀಸಿಯಾನಾ ಎಂಬ ಹೆಸರು ಬಂತು. ಇಂದು ಬಿಸಿನಾಡುಗಳಲ್ಲೆಲ್ಲ ಇದೆ. ಆಸ್ಟ್ರೇಲಿಯಾಕ್ಕೆ ಯುರೋಪಿಯನ್ನರಿಗಿಂತ ಮೊದಲೇ ತಲುಪಿತ್ತು ಎಂಬ ವಾದವೂ ಇದೆ. ದಕ್ಷಿಣ ಭಾರತದ ಗ್ರಂಥದಲ್ಲಿ ಹುಟ್ಟಿದ ಕುಲಕ್ಕೆ ಅಡಿಪಾಯ ಅಮೆರಿಕದ ಗಿಡ!

ಮಾದರಿಯ ನಿಯಮ ಯಾವಾಗಲೂ ನಮಗೆ ಎದುರಾಗಿಯೇ ಬೀಳುತ್ತದೆ ಎಂದೇನಿಲ್ಲ. ಬನ್ನಿಯನ್ನು ನೋಡಿ. ಪ್ರೊಸೋಪಿಸ್ ಎಂಬ ಕುಲದಲ್ಲಿ ಬನ್ನಿಯೂ ಬಳ್ಳಾರಿ ಜಾಲಿಯೂ ಒಟ್ಟಿಗಿದ್ದವು. 2022ರಲ್ಲಿ ಅದೂ ಒಡೆಯಿತು. ಕುಲದ ಮಾದರಿ ಬನ್ನಿಯೇ ಆಗಿದ್ದರಿಂದ ಪ್ರೊಸೋಪಿಸ್ ಬನ್ನಿಗೆ ಉಳಿಯಿತು; ಅಮೆರಿಕದಿಂದ ಬಂದು ಕೆರೆ, ಹಾಳುಭೂಮಿಗಳನ್ನೆಲ್ಲ ಆವರಿಸಿದ ಬಳ್ಳಾರಿ ಜಾಲಿ ನೆಲ್ಟುಮಾ ಆಯಿತು. ಇಲ್ಲಿ ಪ್ರಭೇದಗಳ ಸಂಖ್ಯೆ ಅಮೆರಿಕದ ಕಡೆಯೇ ಹೆಚ್ಚಿತ್ತು, ಆದರೂ ಯಾರೂ ಹೆಸರಿಗೆ ಮತ ಕೇಳಲಿಲ್ಲ. ಅಕೇಶಿಯಾದ ವಿಷಯದಲ್ಲಿ ಆದದ್ದು ವಿನಾಯಿತಿ ಎನ್ನುವುದಕ್ಕೆ ಇದೇ ಅಳತೆಗೋಲು. (ದಸರೆಗೆ ಕೆಲವು ಕಡೆ ಬನ್ನಿ ಎಂದು ಕೊಡುವುದು ಸೆನೆಗಾಲಿಯಾ ಫೆರುಜಿನಿಯಾದ ಎಲೆ. ಬಂಗಾರಕ್ಕೆ ಯಾವುದಾದರೂ ನಡೆಯುತ್ತದೆ.)

ಹೆಸರು ಎಲ್ಲಿಗೆ ಹೋದರೂ ಗಿಡಗಳು ಬದಲಾಗಲಿಲ್ಲ, ಊರು ಬದಲಾಯಿಸಿದವು. ಭಾರತದ ಕರಿಜಾಲಿಯನ್ನು 1890ರ ದಶಕದಲ್ಲಿ ಕ್ವೀನ್ಸ್‌ಲ್ಯಾಂಡಿಗೆ ಒಯ್ದರು, ಕುರಿಗಳಿಗೆ ನೆರಳೂ ಮೇವೂ ಆಗಲಿ ಎಂದು. ದನ ಕಾಯಿ ತಿಂದು ಹೋದಲ್ಲೆಲ್ಲ ಸಗಣಿಯಲ್ಲಿ ಬೀಜ ಹಾಕಿತು. ಇಂದು ಅಲ್ಲಿ 60 ಲಕ್ಷ ಹೆಕ್ಟೇರಿಗೂ ಹೆಚ್ಚು ಹುಲ್ಲುಗಾವಲಿನಲ್ಲಿ ಜಾಲಿ ಹಬ್ಬಿದೆ. 1999ರಲ್ಲಿ ಆಸ್ಟ್ರೇಲಿಯಾ ಪ್ರಕಟಿಸಿದ 20 ರಾಷ್ಟ್ರೀಯ ಮಹತ್ವದ ಕಳೆಗಳ ಪಟ್ಟಿಯಲ್ಲಿ ಇದೂ ಒಂದು. ನೇಗಿಲು, ಕುಂಟೆ, ಚಕ್ಕಡಿಯ ಗಾಲಿ, ತೊಗಲು ಹದಮಾಡುವ ತೊಗಟೆ, ಆಡಿಗೆ ಕಾಯಿ ಎಲ್ಲ ಕೊಟ್ಟ ಮರ ಅಲ್ಲಿ ಶತ್ರು. ದುರ್ಜನರಿಗೆ ಜಾಲಿಯ ಹೋಲಿಕೆ ಕೊಟ್ಟ ಪುರಂದರದಾಸರ ಕೀರ್ತನೆ ಇಲ್ಲಿಗಿಂತ ಅಲ್ಲಿ ಹೆಚ್ಚು ಒಪ್ಪುತ್ತದೆ. ಜಾಲಿಯನ್ನು ತಿನ್ನುವ ಹುಳ ಹುಡುಕಿಕೊಂಡು ಅಲ್ಲಿನ ವಿಜ್ಞಾನಿಗಳು ತಮಿಳುನಾಡು, ಕರ್ನಾಟಕದವರೆಗೂ ಬಂದರು. ಹುಳ ಹುಡುಕಲು ಮೊದಲು ಬೇಕಾದದ್ದು ತವರಿನ ಖಚಿತ ಮಾಹಿತಿ. ಕರಿಜಾಲಿಗೆ, ಎಂದರೆ ನೈಲೋಟಿಕಾ ಪ್ರಭೇದಕ್ಕೆ, ಒಂಬತ್ತು ಉಪಪ್ರಭೇದಗಳಿವೆ, ಆಫ್ರಿಕಾದ್ದು ಬೇರೆ, ಇಲ್ಲಿಯದು ಬೇರೆ. ಅದಕ್ಕೂ ಮೊದಲು ಆಫ್ರಿಕಾದಿಂದ ತಂದು ಬಿಟ್ಟ ಕೀಟಗಳು ಆಸ್ಟ್ರೇಲಿಯಾದಲ್ಲಿ ಅಷ್ಟೇನೂ ಕೆಲಸ ಮಾಡಲಿಲ್ಲ.

ಅತ್ತಲಿಂದ ಇತ್ತ ಬಂದದ್ದು ಇನ್ನೂ ಹೆಚ್ಚು. 19ನೇ ಶತಮಾನದಲ್ಲಿ ನೀಲಗಿರಿಗೆ ವಾಟಲ್ ಎಂಬ ಆಸ್ಟ್ರೇಲಿಯಾದ ಅಕೇಶಿಯಾ ಬಂದು ಬೆಟ್ಟದ ಹುಲ್ಲುಗಾವಲನ್ನು ನುಂಗಿತು. ಮಲೆನಾಡು, ಕರಾವಳಿಗೆ ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ದೊಡ್ಡ ಪ್ರಮಾಣದಲ್ಲಿ ಬಂದದ್ದು 1980ರ ದಶಕದ ಸಾಮಾಜಿಕ ಅರಣ್ಯದ ಕಾಲದಿಂದ ಈಚೆಗೆ. ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿ ಅದರ ತವರು. ಜಂಬಿಟ್ಟಿಗೆಯ ಬೋಳುಗುಡ್ಡದಲ್ಲೂ ಏಳುತ್ತದೆ, ದನ ಬಾಯಿ ಹಾಕುವುದಿಲ್ಲ, ಬೇಗ ಸೌದೆಯಾಗುತ್ತದೆ. ನೆಡುವವರಿಗೆ ಇಷ್ಟು ಸಾಕಿತ್ತು. ಅದರ ದರಕು ಬೇಗ ಕೊಳೆಯುವುದಿಲ್ಲ, ಗೊಬ್ಬರಕ್ಕಾಗದು ಎಂಬ ರೈತರ ದೂರು ಆಮೇಲೆ ಬಂತು. ಸುರುಳಿ ಕಾಯಿ ಒಡೆದಾಗ ಕಿತ್ತಳೆ ದಾರದಲ್ಲಿ ತೂಗುವ ಬೀಜವನ್ನು ಹಕ್ಕಿಗಳು ತಾವೇ ಒಯ್ಯುತ್ತವೆ. ಹಾಗೆಂದು ಅಕೇಶಿಯಾ ಎಲ್ಲವೂ ಕೆಟ್ಟದ್ದು ಎನ್ನುವುದು ಮಾತಿನ ಅತಿರೇಕ. ಬೋಳು ಕಲ್ಲುಗುಡ್ಡಕ್ಕೆ ಹಸಿರು ಕೊಟ್ಟದ್ದೂ ಅದೇ. ತಪ್ಪು ನಡೆದದ್ದು ಹುಲ್ಲುಗಾವಲು, ಕಾನು, ಸೊಪ್ಪಿನಬೆಟ್ಟಗಳನ್ನು ಖಾಲಿ ಜಾಗ ಎಂದು ತಿಳಿದು ಅಲ್ಲಿ ಅದನ್ನು ನೆಟ್ಟಾಗ.

ಹೆಸರಿನ ಅಧ್ಯಾಯ ಇನ್ನೂ ಪೂರ್ತಿ ಮುಚ್ಚಿಲ್ಲ. 2024ರಲ್ಲಿ ಮ್ಯಾಡ್ರಿಡ್‌ನ ಸಮ್ಮೇಳನ, ಕರಿಯರನ್ನು ಹೀನಾಯವಾಗಿ ಕರೆಯುವ ಪದದಿಂದ ಬಂದ 'ಕಾಫ್ರಾ' ಎಂಬ ಅಂಕಿತವನ್ನು ತೆಗೆದು 'ಆಫ್ರಾ' ಮಾಡಿತು. ದಕ್ಷಿಣ ಆಫ್ರಿಕಾದ ಒಂದು ಮರ ಹೀಗೆ ಈ ಶತಮಾನದಲ್ಲೇ ಎರಡನೇ ಸಲ ಹೆಸರು ಬದಲಿಸಿ ಸೆನೆಗಾಲಿಯಾ ಆಫ್ರಾ ಆಗಿದೆ. ಕರ್ನಾಟಕದ ಮಟ್ಟಿಗೆ ಆಗಬೇಕಾದ ಕೆಲಸ ಸಣ್ಣದು. ಸಿಸಿಲ್ ಸಲ್ಡಾನ ಅವರ ಹಾಸನ ಜಿಲ್ಲೆಯ ಸಸ್ಯಗ್ರಂಥ 1976ರದು, ಅದರಲ್ಲಿ ಹಳೆಯ ಹೆಸರಿರುವುದು ಸಹಜ. ಇಂದು ಬರೆಯುವವರಿಗೆ ಆ ಸಬೂಬಿಲ್ಲ. ಪಠ್ಯಪುಸ್ತಕ ಬರೆಯುವವರು, ಸಸ್ಯೋದ್ಯಾನಗಳಲ್ಲಿ ಫಲಕ ಹಾಕುವವರು, ಸಸಿ ಹಂಚುವ ಇಲಾಖೆಯವರು ಅಕೇಶಿಯಾ ಎಂದಷ್ಟೇ ಬರೆದು ನಿಲ್ಲಬಾರದು. ಕರಿಜಾಲಿಗೆ ವಾಚೆಲಿಯಾ ನೈಲೋಟಿಕಾ, ಬಿಳಿಜಾಲಿಗೆ ವಾಚೆಲಿಯಾ ಲ್ಯೂಕೊಫ್ಲೋಯಿಯಾ, ಕಗ್ಗಲಿಗೆ ಸೆನೆಗಾಲಿಯಾ ಕೆಟೆಚು ಎಂದು ಬರೆಯಲಿ, ಹಳೆಯ ಹೆಸರನ್ನೂ ಪಕ್ಕದಲ್ಲಿ ಇಡಲಿ, ಅದರ ಕೆಳಗೆ ತವರು ಯಾವುದೆಂದು ಒಂದು ಸಾಲು ಸೇರಿಸಲಿ.